ಇಬ್ಬರು ವಯಾನರ ಮನೆ

ನಮ್ಮ ಬಾಲಿಯಲ್ಲಿ ಮಕ್ಕಳ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲನೆಯದು ವಯಾನ್, ಆಮೇಲೆ ಮಾಡೆ, ನ್ಯೋಮಾನ್, ಕೆಟುಟ್. ಐದನೆಯದು ಹುಟ್ಟಿತೋ, ಮತ್ತೆ ವಯಾನ್‌ನಿಂದ ಶುರು. ಜೊತೆಗೆ ಒಬ್ಬೊಬ್ಬರಿಗೂ ಸ್ವಂತದ ಹೆಸರೊಂದು. ಸುಕೆರ್ತಿಯ ತವರಿನಲ್ಲೂ ಹಾಗೇ ಆಯಿತು. ಅವಳು ಹಿರಿಯ ವಯಾನ್, ಕೊನೆಯ ತಮ್ಮ ದರ್ಮಿಕ ಕಿರಿಯ ವಯಾನ್. ಅವನನ್ನು ಹೆತ್ತು ತಾಯಿ ಕಣ್ಣು ಮುಚ್ಚಿದಳು. ಕೂಸನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಸುಕೆರ್ತಿ.

ಈಗ ಅವನಿಗೆ ಹಲ್ಲು ಸಮ ಮಾಡಿಸುವ ಶಾಸ್ತ್ರ, ಪ್ರಾಯಕ್ಕೆ ಬಂದವರ ಹಲ್ಲಿನ ತುದಿಯನ್ನು ಅರದಿಂದ ಉಜ್ಜುವುದು. ಗಂಡನ ಮನೆಯಿಂದ ಬಂದು ಜಗಲಿಯಲ್ಲಿ ಕೂತು ಪೂಜೆಗೆ ಎಳೆಗರಿ ಹೆಣೆಯುತ್ತಿದ್ದವಳಿಗೆ ಒಳಗೊಳಗೇ ಮುಳ್ಳು ಚುಚ್ಚುತ್ತಿತ್ತು. ಮದುವೆಯ ದಿನ ತವರಿನ ಗುಡಿಯಲ್ಲಿ ಪಿತೃಗಳಿಗೆ ಕೈಮುಗಿದು, ಇನ್ನು ನಾನು ನಿಮ್ಮವಳಲ್ಲ ಎಂದು ಬೀಳ್ಕೊಂಡವಳಲ್ಲವೇ! ಈ ಶಾಸ್ತ್ರದಲ್ಲಿ ತಾನು ಮನೆಯವಳೋ, ನೆಂಟರಂತೆ ಬಂದುಹೋಗುವವಳೋ?

ದರ್ಮಿಕ ಕರೆಯೋಲೆಯ ಪುಟವನ್ನು ಕಂಪ್ಯೂಟರಿನಲ್ಲಿ ತಾನೇ ಕಟ್ಟುತ್ತಿದ್ದ. ಮನೆಮಕ್ಕಳ ವಿವರವನ್ನು ಜೇಸನ್ ಎಂಬ ಬಗೆಯ ಪಠ್ಯವಾಗಿ ಬರೆದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದನ್ನು ಓದಿ ಡಿಕ್ಷನರಿ, ಅಂದರೆ ವಯಾನ್, ಮಾಡೆ ಎಂಬ ಒಂದೊಂದು ಹೆಸರಿನೆದುರು ಅವರವರ ವಿವರ ಇರುವ ಪಟ್ಟಿ, ಮಾಡುವಂತೆ ಹೊಂದಿಸಿದ್ದ.

"ಅಕ್ಕ, ನೋಡು ಬಾ" ಎಂದು ತೆರೆ ತಿರುಗಿಸಿದ.

ಮೊದಲಿಗೆ ವಯಾನ್ ದರ್ಮಿಕ, ಆಮೇಲೆ ಮಾಡೆ, ನ್ಯೋಮಾನ್, ಕೆಟುಟ್. ಅಷ್ಟೇ. ಸುಕೆರ್ತಿಯೇ ಇರಲಿಲ್ಲ.

"ಸರಿಯಾಗೇ ಇದೆ ಕಣೋ" ಎಂದಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು."

"ಏನೇನೋ ಮಾತಾಡ್ಬೇಡ. ಮೊದಲನೇ ಸಾಲಲ್ಲೇ ನಿನ್ನ ಹಾಕಿದೀನಿ." ಅವನು ಪಠ್ಯ ತೆರೆದು ತೋರಿಸಿದ. ಇದ್ದಳು, ನಿಜ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡವನು ಹಣೆ ಚಚ್ಚಿಕೊಂಡ. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಡಿಕ್ಷನರೀಲಿ ಒಂದು ಹೆಸರಿಗೆ ಒಂದೇ ಜಾಗ ಅಕ್ಕ. ನೀನೂ ವಯಾನ್, ನಾನೂ ವಯಾನ್. ಎರಡನೇದು ಬಂದು ಮೊದಲನೇದನ್ನ ಅಳಿಸಿ ಅಲ್ಲೇ ಕೂತ್ಕೊಳ್ಳುತ್ತೆ. ತಪ್ಪಾಯ್ತು ಅಂತ ಒಂದು ಮಾತೂ ಹೇಳಲ್ಲ."

"ಮಡಿಲಲ್ಲಿ ಕೂತಿದ್ದು ಸಾಲದು ಅಂತ ನನ್ನ ಜಾಗಾನೂ ಬೇಕಾಯ್ತಾ ನಿಂಗೆ?" ಸುಕೆರ್ತಿ ನಕ್ಕಳು. ಕಣ್ಣು ಮಾತ್ರ ತುಂಬಿ ಬಂದವು. "ಇರಲಿ ಬಿಡು, ನಿನ್ನ ಶಾಸ್ತ್ರ, ನೀನೇ ಇರು."

"ಆಗಲ್ಲ. ಈ ಮನೇಲಿ ಇನ್ಯಾರಿಗೂ ಇಲ್ಲದ ಹೆಸರು ಹಾಕ್ಬೇಕು ನಿಂಗೆ."

"ಸುಕೆರ್ತಿ ಅಂತ ಹಾಕಿದ್ರಾಯ್ತು."

"ಆಗುತ್ತೆ" ಎಂದ. ಆದರೂ ಅವನ ಬೆರಳು ಆಡಲಿಲ್ಲ. ಅಕ್ಕನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಅವಳ ಸಾಲಿನ ವಯಾನ್ ಅಳಿಸಿ ಬೇರೆ ಏನೋ ಬರೆದ. ಪೈಥಾನ್ ಮತ್ತೊಮ್ಮೆ ಓದಿತು.

ಈ ಸಲ ಐದೂ ಜನ ಬಂದರು. ಎಲ್ಲರಿಗಿಂತ ಮೇಲೆ, ಸುಕೆರ್ತಿಯ ಜಾಗದಲ್ಲಿ, 'ಅಮ್ಮ' ಎಂದಿತ್ತು.

ಅವಳು ತೆರೆಯ ಹತ್ತಿರ ಬಗ್ಗಿ ಮತ್ತೊಮ್ಮೆ ಓದಿದಳು. "ಊರೆಲ್ಲ ನೋಡುತ್ತೆ ಕಣೋ."

"ನೋಡಲಿ" ಎಂದ ದರ್ಮಿಕ.