ಡಿಕ್ಕಿಯಲ್ಲಿ ಈಳಿಗೆಮಣೆ

ಮತ್ತೆ ಆ ಸದ್ದು, ಟಣ್, ರೂಟ್ ಒನ್ ಹೆದ್ದಾರಿಯ ಪ್ರತಿ ಗುಂಡಿಗೂ ಹಿಂದೆ ಡಿಕ್ಕಿಯಲ್ಲಿ ಟಣ್, ಬಾತ್ ಟವೆಲಿನಲ್ಲಿ ಸುತ್ತಿದ್ದು ಸಾಲದಾಯಿತು — ಪಕ್ಕದಲ್ಲಿ ಗೆಳತಿ ರೇಣು, ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೋರ್ಟಿನಿಂದ ಹೊರಟ ಮೇಲೆ ಒಂದು ಮಾತಿಲ್ಲ, ಬೈದಿದ್ದರಾದರೂ ಆಗುತ್ತಿತ್ತು, ನಳಿನಕ್ಕ ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ ಅನ್ನಬಾರದೇ, ಅವಳ ಮಗ ಕುಶಾಲ್ ಜೈಲಿನೊಳಗೇ ಉಳಿದ, ವಿಚಾರಣೆ ಮುಗಿಯುವವರೆಗೂ ಒಳಗೇ, ನನ್ನಿಂದ. ಇಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಂಡು ಬರುವ ಜಾಮೀನಲ್ಲವಂತೆ, ಲಾಯರ್ ಟೋನಿ ಮೊದಲೇ ಹೇಳಿದ್ದ, ಜಡ್ಜ್ ನೋಡುವುದು ಹುಡುಗ ಓಡಿಹೋಗುತ್ತಾನಾ, ಯಾರಿಗಾದರೂ ಅಪಾಯವಾ ಅಂತ, ಅಪ್ಪನಿಗೇ ಚಾಕು ಹಾಕಿದವನನ್ನು ಅಪ್ಪನ ಮನೆಗೆ ಕಳಿಸುವುದಿಲ್ಲ, ಬೇರೆ ಮನೆ ಬೇಕು, ಜವಾಬ್ದಾರಿ ಹೊರುವವರು ಬೇಕು — ನಾನಿದ್ದೀನಿ ಅಂದೆ, ನಮ್ಮ ಕೆಂಡಲ್ ಪಾರ್ಕ್ ಮನೆಯಲ್ಲಿ ಮೇಲಿನ ರೂಮು ಖಾಲಿ, ಬೇಕಾದರೆ ಎಲ್ಲಿದ್ದಾನೆಂದು ತೋರಿಸುವ ಮಾನಿಟರನ್ನು ಕಾಲಿಗೆ ಕಟ್ಟಿ ಕಳಿಸಲಿ, ನನ್ನ ಕಣ್ಣೆದುರು ಬೆಳೆದವನು, ರೇಣು ನನ್ನ ಕೈ ಹಿಡಿದು ಅತ್ತಳು, ಆವತ್ತು ಎಷ್ಟು ದೊಡ್ಡವಳಾಗಿಬಿಟ್ಟೆ, ಗೊತ್ತಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಹೇಳಿಕೊಂಡೆನಲ್ಲ, ಥೂ.

ಬೆಳಗ್ಗೆ ಅವನಿಗೆಂದು ಹೊಸ ಬೆಡ್‌ಶೀಟ್ ಹಾಸಿ ಕೆಳಗಿಳಿದು ಬಂದೆ, ಕಾಫಿಗೆ ನೀರಿಟ್ಟೆ, ಕೈ ತಾನಾಗಿಯೇ ಡ್ರಾಯರ್ ಎಳೆಯಿತು, ತರಕಾರಿ ಚಾಕು, ಬ್ರೆಡ್ ಚಾಕು, ಕತ್ತರಿ, ಕೊನೆಗೆ ಅಮ್ಮ ಮೈಸೂರಿನಿಂದ ತಂದುಕೊಟ್ಟ ಈಳಿಗೆಮಣೆ — ಏಳು ವರ್ಷದ ಕುಶಾಲ್ ಅದರ ಮೇಲೆ ಕಾಲು ಮಡಿಸಿ ಕೂರುತ್ತಿದ್ದ, ಆಂಟಿ ಲೆಟ್ ಮೀ ಡೂ ಇಟ್, ಕಾಯಿ ತುರಿಯುತ್ತಾ ಅರ್ಧ ಬಾಯಿಗೆ, ಗಲ್ಲಕ್ಕೆಲ್ಲ ಬಿಳಿ ತುರಿ — ಅದನ್ನೂ ಸುತ್ತಿ ಡಿಕ್ಕಿಗೆ ಹಾಕಿದೆ, ಗಂಡನಿಗೂ ಹೇಳಲಿಲ್ಲ. ಕೋರ್ಟಿನಲ್ಲಿ ಜಡ್ಜ್, ಒಳ್ಳೆಯ ಹೆಂಗಸು, ಮೆತ್ತಗೆ ಕೇಳಿದರು, ಅವನು ಬರುತ್ತಾನೆಂದು ಮನೆಯಲ್ಲಿ ಏನು ಸಿದ್ಧತೆ ಮಾಡಿಕೊಂಡಿದ್ದೀರಿ, ರೂಮು ಅನ್ನಬಹುದಿತ್ತು, ಬೆಡ್‌ಶೀಟ್ ಅನ್ನಬಹುದಿತ್ತು, ಮಹಾ ಜಾಣೆ ನಾನು, ಯೆಸ್ ಯುವರ್ ಆನರ್, ಚಾಕುಗಳನ್ನೆಲ್ಲ ತೆಗೆದಿಟ್ಟಿದ್ದೇನೆ. ಟೋನಿ ಕಣ್ಣು ಮುಚ್ಚಿಕೊಂಡ. ಸರ್ಕಾರದ ವಕೀಲ ನಿಧಾನಕ್ಕೆ ಎದ್ದು, ಕರೆದುಕೊಂಡು ಹೋಗಲು ಬಂದವರಿಗೇ ಇವನ ಭಯವಿದೆ ಅಂದು ಕೂತುಬಿಟ್ಟ, ಜಡ್ಜ್ ನನ್ನ ಕಡೆ ತಿರುಗಿ ಕಾದರು, ಭಯವಿಲ್ಲ ಅನ್ನು ನಳಿನಾಕ್ಷಿ, ಒಂದೇ ಮಾತು, ಇಷ್ಟು ವರ್ಷ ಮೀಟಿಂಗುಗಳಲ್ಲಿ ಪಟಪಟ ಇಂಗ್ಲಿಷ್ ಆಡಿದವಳಿಗೆ ಅಲ್ಲಿ ನಾಲಿಗೆ ಏಳಲಿಲ್ಲ, ಕುಶಾಲ್ ತಿರುಗಿ ನನ್ನನ್ನೇ ನೋಡಿದ, ನಾನು ಬ್ಯಾಗಿನ ಜಿಪ್ ನೋಡಿದೆ. ಸಹಾಯಕ್ಕೆಂದೇ ಹೇಳಿದೆನಾ, ಇಲ್ಲ ಹೇಗೋ ತಪ್ಪಿಸಿಕೊಂಡರೆ ಸಾಕೆಂದಾ, ನನ್ನನ್ನೇ ಕೇಳಿಕೊಂಡರೆ ಉತ್ತರ ಬರುವುದಿಲ್ಲ, ಅವನನ್ನು ಒಳಗೇ ಇಡುತ್ತೇವೆ ಅಂದಾಗ ಮೊದಲು ಎದೆ ಹಗುರಾಯಿತಲ್ಲ, ಅಳು ಆಮೇಲೆ ಬಂತಲ್ಲ, ಅದು ನನಗೊಬ್ಬಳಿಗೇ ಗೊತ್ತು, ನಾಚಿಕೆಯಾಗುತ್ತದೆ, ಪಕ್ಕಕ್ಕೆ ತಿರುಗಲೂ ನಾಚಿಕೆ.

ಟಣ್. ರೇಣು ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಈಗ ಬಾಯಿ ಬಿಟ್ಟಳು, ಈಳಿಗೆಮಣೇನೂ ತೆಗ್ದಿಟ್ರಾ ನಳಿನಕ್ಕ. ಹ್ಞೂಂ ಅಂದೆ. ಕೆಂಪು ಸಿಗ್ನಲಿಗೆ ನಿಂತೆ, ಅದು ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಹೋಗಬೇಕು, ಹೋದರೆ ಮತ್ತೆ ಸದ್ದಾಗುತ್ತದೆ, ಕಾಲು ಮಡಿಸಿ ಕೂತಿದ್ದಾನೆ, ಗಲ್ಲಕ್ಕೆಲ್ಲ ಬಿಳಿ ತುರಿ, ಲೆಟ್ ಮೀ ಡೂ ಇಟ್, ಗಲ್ಲಕ್ಕೆಲ್ಲ ಬಿಳಿ ತುರಿ —