ಟವೆಲ್ಲಿನಡಿಯ ಚೌಕಾಸಿ

ಎಂಟು ವರ್ಷದ ಸಿಂಧುವಿನ ಮಿದುಳಿನಿಂದ ಗಡ್ಡೆ ತೆಗೆದು ಹದಿನೈದು ದಿನವಾಗಿತ್ತು. ವರದಿ ಕೇಳಲು ಅವಳನ್ನು ಕರೆತಂದವರು ತಾತ ಶಂಭುಲಿಂಗಯ್ಯನವರು, ತಿಪಟೂರಿನ ಹಳೆಯ ಕೊಬ್ಬರಿ ವ್ಯಾಪಾರಿ.

“ಗಡ್ಡೆಯ ಜೀವಕೋಶಗಳು ಒಂದೇ ಬಗೆಯವಲ್ಲ. ಒಂದು ಔಷಧಿಗೆ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಅದಕ್ಕೇ ಮೂರು ಔಷಧಿ ಕೊಡ್ತೀವಿ,” ಎಂದರು ಡಾಕ್ಟರಮ್ಮ.

“ತಿಳೀತು ಬುಡಿ. ಒಂದೇ ಚೀಲದಲ್ಲಿ ಕರೀದು, ಕೊಳೆತಿದ್ದು, ಹುಳ ಹತ್ತಿದ್ದು, ಎಲ್ಲಾ ಥರದ ಮಾಲು.”

ಮಗು ಉಳಿಯುವುದೇ ಎಂದು ಅವಳೆದುರು ಕೇಳಲು ತಾತನಿಗೆ ಬಾಯಿ ಬರಲಿಲ್ಲ. ಹಿಂದೆ ಕೊಬ್ಬರಿ ಮಂಡಿಯಲ್ಲಿ ಪಕ್ಕದವರಿಗೆ ತಿಳಿಯದಂತೆ ಟವೆಲ್ಲಿನಡಿ ಬೆರಳು ಹಿಡಿದು ದರ ಹೇಳುತ್ತಿದ್ದರು. ತಾತ ಹಾಗೆಯೇ ಡಾಕ್ಟರಮ್ಮನ ಕೈಮೇಲೆ ಟವೆಲ್ ಹೊದಿಸಿ, “ಹತ್ತಕ್ಕೆ ಎಷ್ಟು? ಬೆರಳು ಹಿಡೀರಿ ತಾಯಿ,” ಎಂದು ಪಿಸುಗುಟ್ಟಿದರು.

ಡಾಕ್ಟರಮ್ಮ ಕಕ್ಕಾಬಿಕ್ಕಿಯಾದರು; ಆಮೇಲೆ ಅರ್ಥವಾಯಿತು: ಇಂಥ ಹತ್ತು ಮಕ್ಕಳಲ್ಲಿ ಎಷ್ಟು ಉಳಿಯುತ್ತವೆ ಎಂದು ಕೇಳುತ್ತಿದ್ದಾರೆ. ಮೊದಲು ಐದು ಬೆರಳು ಹಿಡಿದರು. ಬಿಟ್ಟು, ಮತ್ತೆ ಎರಡು.

ತಾತ ಅಭ್ಯಾಸಬಲದಿಂದ ಇನ್ನೊಂದು ಬೆರಳು ಚಾಚಿದರು.

“ಚೌಕಾಸಿ ಇಲ್ಲ ಸ್ವಾಮಿ!”

ಸಿಂಧು ಟವೆಲ್ ಎತ್ತಿ ಇಣುಕಿದಳು. “ತಾತಾ, ನನ್ನ ಮಾರ್ತಿದ್ದೀಯಾ?”

“ಇಲ್ಲ ಕಣೇ. ಶಿವ ಏಳಕ್ಕೆ ಒಪ್ಪಿದ್ದಾನೆ. ನಾನು ಎಂಟು ಕೇಳ್ತಿದ್ದೀನಿ,” ಎಂದ ತಾತ ಬೆರಳು ಮಡಿಸಲೇ ಇಲ್ಲ.