ಬಹರೈನಿಗೆ ಹೋದ ಚಂದ್ರ

ಮೂಡುಬಿದಿರೆಯ ದಯಾನಂದ ನಾಟಕ ತಂಡವೊಂದರಲ್ಲಿ ಲೈಟು ನೋಡಿಕೊಳ್ಳುವವನು. ಬೆತ್ತದ ಬುಟ್ಟಿಗೆ ಬಿಳಿ ಬಟ್ಟೆ ಬಿಗಿದು, ಒಳಗೆ ಬಲ್ಬು ಕೂರಿಸಿ ಅವನು ಮಾಡಿದ ಚಂದ್ರ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೆಸರುವಾಸಿ. ಬಹರೈನಿನ ತುಳುವರು ತಂಡವನ್ನು ಕರೆಸಿಕೊಂಡಾಗ, ನಾಟಕ ಬರೆದ ನೋಣಯ್ಯ ಮಾಸ್ಟ್ರು ಚಂದ್ರನೂ ಬರಲೇಬೇಕೆಂದು ಹಟ ಹಿಡಿದರು.

ಅಲ್ಲಿಯ ಪ್ಲಗ್ಗಿನ ತೂತು ಚೌಕವಂತೆ ಎಂದು ಯಾರೋ ಹೇಳಿದ್ದರಿಂದ ದಯಾನಂದ ಮೆಲ್ಕಾರಿನಲ್ಲಿ ಉಮ್ಮರ್ ಅವರ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಅಡಾಪ್ಟರ್ ಕೇಳಿದ.

"ಅಲ್ಲಿಯ ಸಾಮಾನು ಇಲ್ಲಿ ಹಾಕ್ಲಿಕ್ಕಾ, ಇಲ್ಲಿಯದ್ದು ಅಲ್ಲಿ ಹಾಕ್ಲಿಕ್ಕಾ?" ಎಂದರು ಉಮ್ಮರ್.

"ಎರಡೂ ಒಂದೇ ಅಲ್ವಾ ಮಾರಾಯ್ರೆ? ಕರೆಂಟಿಗೆ ಪಾಸ್‌ಪೋರ್ಟ್ ಉಂಟಾ?"

ಉಮ್ಮರ್ ಡಬ್ಬಕ್ಕೆ ಕೈ ಹಾಕಿದರು. ಗಲ್ಫಿನಿಂದ ಇಸ್ತ್ರಿಪೆಟ್ಟಿಗೆ ತಂದವರು ದಿನವೂ ಕೇಳುವ ಅಡಾಪ್ಟರನ್ನೇ ತೆಗೆದುಕೊಟ್ಟರು.

ದಯಾನಂದ ಅದನ್ನು ಮನೆಯಲ್ಲಿ ಪರೀಕ್ಷಿಸಿದ. ಗೋಡೆಗೆ ಸಲೀಸಾಗಿ ಹೋಯಿತು, ಚಂದ್ರ ಫಳ್ಳನೆ ಹೊಳೆದ. "ಎಷ್ಟು ಸರಿ ಕೂತಿತು ನೋಡು!" ಎಂದು ಹೆಂಡತಿ ಸರಸಳನ್ನು ಕರೆದು ತೋರಿಸಿದ. ಇಲ್ಲಿಯ ಗೋಡೆಗೆ ಸರಿ ಕೂತದ್ದು ಬಹರೈನಿನ ಗೋಡೆಗೆ ಕೂರಲಾರದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬಹರೈನಿನ ಸಭಾಂಗಣದಲ್ಲಿ ಮೊದಲ ದೃಶ್ಯ ಮುಗಿಯುತ್ತ ಬಂದಾಗ ಅವನು ಗೋಡೆಯ ಬಳಿ ಕುಕ್ಕರುಗಾಲಲ್ಲಿ ಕೂತ. ಗೋಡೆಯಲ್ಲಿ ಚೌಕ ತೂತು, ಅಡಾಪ್ಟರಿನ ಹಿಂದೆ ಗುಂಡು ಕಡ್ಡಿ. ತಿರುಗಿಸಿ ಒತ್ತಿದ, ಊದಿ ಒತ್ತಿದ, ಮೊಣಕಾಲು ಕೊಟ್ಟು ಒತ್ತಿದ. ಅಂಗಡಿ ಹುಡುಕಲು ಹೊತ್ತಿಲ್ಲ. ಮುಂದಿನ ದೃಶ್ಯದಲ್ಲೇ ನಾಯಕಿ ವಿಜೇತಾ ಚಂದ್ರನನ್ನು ನೋಡಿ ಅಳಬೇಕು.

"ಚಂದ್ರ ಎಲ್ಲಿ ಮಾರಾಯ?" ನೋಣಯ್ಯ ಮಾಸ್ಟ್ರು ಹಲ್ಲು ಕಡಿದರು.

"ಬರ್ತಾ ಇದ್ದಾನೆ ಮಾಸ್ಟ್ರೆ."

ದಯಾನಂದ ತನ್ನ ಮೊಬೈಲಿನ ಟಾರ್ಚ್ ಹಾಕಿ ಬುಟ್ಟಿಯೊಳಗೆ ಸಿಕ್ಕಿಸಿದ. ಕಪ್ಪು ಪರದೆಯ ಹಿಂದೆ ಸ್ಟೂಲು ಹತ್ತಿ, ಎರಡೂ ಕೈಯಲ್ಲಿ ಚಂದ್ರನನ್ನು ಎತ್ತಿ ಹಿಡಿದ.

"ಓ ಚಂದ್ರ, ನನ್ನವರು ಎಲ್ಲಿದ್ದಾರೆ, ಹೇಳು!" ವಿಜೇತಾ ಬಿಕ್ಕಿದಳು.

ಚಂದ್ರ ರಿಂಗಾದ.

ದಯಾನಂದನ ಎರಡೂ ಕೈ ಬುಟ್ಟಿಯಲ್ಲಿ. ಕೈ ಬಿಟ್ಟರೆ ಚಂದ್ರ ಬೀಳುತ್ತಾನೆ. ವಿಜೇತಾ ಕಣ್ಣೊರೆಸಿಕೊಂಡು, "ಫೋನ್ ತೆಗಿ ಚಂದ್ರ, ಅವರೇ ಇರ್ಬೇಕು!" ಎಂದಳು. ದಯಾನಂದ ಬುಟ್ಟಿಯೊಳಗೆ ಮುಖ ತುರುಕಿ ಮೂಗಿನಿಂದ ಕಟ್ ಮಾಡಲು ಹೋದ. ಫೋನು ರಿಸೀವ್ ಆಯಿತು, ಸ್ಪೀಕರೂ ಆನ್ ಆಯಿತು.

"ಊಟ ಆಯ್ತಾ?" ಆಕಾಶದಿಂದ ಸರಸಳ ಸ್ವರ ಬಂತು.

"ಎಲ್ಲಿಯ ಊಟ ಅಕ್ಕ, ನಾನಿನ್ನೂ ಅತ್ತು ಮುಗಿಸ್ಲಿಲ್ಲ!" ಎಂದಳು ವಿಜೇತಾ.

ಸಭೆ ಬಿದ್ದು ಬಿದ್ದು ನಕ್ಕಿತು, ಅಷ್ಟರಲ್ಲಿ ಫೋನು ಕಟ್ ಆಯಿತು. ಆಮೇಲೆ ಯಾರು ಸತ್ತರೂ ಚಪ್ಪಾಳೆಯೇ. ಕೊನೆಗೆ ಸಂಘಟಕರು ನೋಣಯ್ಯ ಮಾಸ್ಟ್ರಿಗೆ ಶಾಲು ಹೊದೆಸಿ, ಇಂಥ ಹಾಸ್ಯ ನಾಟಕ ತಾವು ನೋಡಿಯೇ ಇಲ್ಲವೆಂದೂ ಮುಂದಿನ ವರ್ಷವೂ ಬರಬೇಕೆಂದೂ ಹೇಳಿದರು. ಜನರನ್ನು ಅಳಿಸಲೆಂದೇ ಎರಡು ವರ್ಷ ಕೂತು ಬರೆದಿದ್ದ ಮಾಸ್ಟ್ರು ಶಾಲನ್ನು ಮಡಚಿ ಕಂಕುಳಿಗೆ ಸೇರಿಸಿದರು.

ವಾಪಸು ಬರುವ ವಿಮಾನದಲ್ಲಿ ಅವರು ದಯಾನಂದನ ಮುಖವನ್ನೂ ನೋಡಲಿಲ್ಲ. ಅರ್ಧ ದಾರಿಯಾದ ಮೇಲೆ ಜೇಬಿನಿಂದ ಪೆನ್ನು ತೆಗೆದು ಮೆಲ್ಲಗೆ ಕೇಳಿದರು:

"ಕಟ್ ಆಗದಿದ್ರೆ ಸರಸ ಮತ್ತೆ ಎಂಥ ಹೇಳ್ತಿದ್ಳು, ಹೇಳು ನೋಡುವ."